ಕೀಳರಿಮೆ ಯಾರ ಕಾಯಿಲೆ?

ಕನ್ನಡದಲ್ಲಿ ‘ಕೀಳರಿಮೆ’ ಅಂತ ಒಂದು ಮಾತಿದೆ. ಬಿಡಿಸಿ ನೋಡಿದರೆ ಅದರೊಳಗೆ ಎರಡು ಪದ ಸಿಗುತ್ತವೆ: ಕೀಳು, ಅರಿಮೆ. ತಾನು ಕೀಳು ಎಂಬುದು ಒಬ್ಬನಿಗೆ ಗೊತ್ತಿದೆ ಎಂದರ್ಥ. ಗೊತ್ತಿದೆ ಅಂದ ಮೇಲೆ ಯಾರೋ ಕಲಿಸಿರಬೇಕಲ್ಲ? ಹುಟ್ಟಿದ ಕೂಸಿಗೆ ಹಸಿವು ಗೊತ್ತು, ತಾಯಿಯ ಮೈವಾಸನೆ ಗೊತ್ತು. ತಾನು ಕೀಳು ಅಂತ ಗೊತ್ತಿರುವುದಿಲ್ಲ. ಇನ್ನು ಇದರ ಜೋಡಿ ಪದ ಒಂದಿದೆ, ‘ಮೇಲರಿಮೆ’. ಅದು ನಿಘಂಟಿನಲ್ಲುಂಟು, ಆದರೆ ಅದಕ್ಕೆ ಔಷಧಿ ಬರೆದುಕೊಡುವ ಡಾಕ್ಟರನ್ನು ನಾವಂತೂ ಕಂಡಿಲ್ಲ. ಕೀಳರಿಮೆ ಇರುವವನನ್ನು ಸರಿಪಡಿಸಲು ಭಾಷಣಗಳಿವೆ, ಶಿಬಿರಗಳಿವೆ, ಪುಸ್ತಕಗಳಿವೆ. ಮೇಲರಿಮೆ ಇರುವವನನ್ನು ಸರಿಪಡಿಸಲು ಏನಿದೆ? ಅವನನ್ನೇ ಆ ಶಿಬಿರಕ್ಕೆ ಮುಖ್ಯ ಅತಿಥಿಯಾಗಿ ಕರೆಸುತ್ತಾರೆ.

ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಸಾಲಾಗಿ ಜೋಡಿಸಿರುತ್ತಾರೆ, ನೋಡಿದ್ದೀರಿ. ಹಾಸ್ಟೆಲ್ಲಿನ ಹುಡುಗರು ಊಟದ ದುಡ್ಡು ಉಳಿಸಿ ಅವನ್ನು ಕೊಳ್ಳುತ್ತಾರೆ, ನಾವೂ ಕೊಂಡಿದ್ದೇವೆ. ಎಲ್ಲದರ ಸಾರವೂ ಒಂದೇ: ನಿನ್ನ ಬಗ್ಗೆ ನೀನು ಒಳ್ಳೆಯದು ಯೋಚಿಸು, ಕನ್ನಡಿ ಮುಂದೆ ನಿಂತು ನಾನು ಗೆಲ್ಲುತ್ತೇನೆ ಅಂತ ಹೇಳಿಕೋ, ಗೆಲ್ಲುತ್ತೀಯ. ಗೆಲ್ಲದಿದ್ದರೆ? ನೀನು ಸರಿಯಾಗಿ ಹೇಳಿಕೊಂಡಿಲ್ಲ, ಅಷ್ಟೆ. ಸೋಲಿನ ಲೆಕ್ಕವೆಲ್ಲ ಸೋತವನ ಖಾತೆಗೇ ಜಮಾ ಆಗುವ ಈ ವ್ಯವಹಾರ ಪುರೋಹಿತರ ಕರ್ಮ ಸಿದ್ಧಾಂತಕ್ಕಿಂತ ಹೇಗೆ ಬೇರೆ? ಇದು ನಮ್ಮ ದೇಶದ ಸೊತ್ತೇನೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಜಾನ್ ವಾಸ್ಕನ್‌ಸೆಲೋಸ್ ಎಂಬ ಶಾಸಕರ ಒತ್ತಾಸೆಯಿಂದ ಆತ್ಮಗೌರವ ಹೆಚ್ಚಿಸಲೆಂದೇ ಸರ್ಕಾರಿ ಸಮಿತಿ ಮಾಡಿದರು, 1990ರಲ್ಲಿ ಅದು ವರದಿ ಕೊಟ್ಟಿತು. ಅಪರಾಧ, ಮಾದಕ ವಸ್ತುಗಳ ಚಟ, ಸರ್ಕಾರದ ನೆರವಿನ ಮೇಲೆಯೇ ಬದುಕುವುದು, ಇವಕ್ಕೆಲ್ಲ ಆತ್ಮಗೌರವವೇ ಮದ್ದು ಎಂಬ ನಂಬಿಕೆ ಅದರದು. ಬಡವನ ಮನೆಗೆ ಸೂರಿಲ್ಲ ಅಂದರೆ, ಅಯ್ಯೋ ಪಾಪ, ಅವನು ತನ್ನನ್ನು ತಾನು ಸಾಲದಷ್ಟು ಪ್ರೀತಿಸಿಲ್ಲ ಕಣ್ರೀ ಅಂದಂತೆ. ಆಮೇಲೆ 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತವರ ಜೊತೆಗಾರರು ಇದ್ದಬದ್ದ ಸಂಶೋಧನೆಗಳನ್ನೆಲ್ಲ ಜರಡಿ ಹಿಡಿದು ನೋಡಿದರು. ಮಕ್ಕಳನ್ನು ಬರಿದೇ ಹೊಗಳಿ ಆತ್ಮಗೌರವ ಉಬ್ಬಿಸಿದರೆ ಮಾರ್ಕ್ಸ್ ಹೆಚ್ಚುತ್ತದೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ.

ಹಾಗಂತ ಮನಶ್ಶಾಸ್ತ್ರವನ್ನೇ ತಿಪ್ಪೆಗೆ ಎಸೆಯೋಣವೇ? ಅಲ್ಲಿಯೇ ನಮ್ಮ ಚಳವಳಿಯ ಗೆಳೆಯರೊಂದಿಗೆ ನಮ್ಮ ಜಗಳ. ಮನುಷ್ಯ ತನ್ನ ಬಗ್ಗೆ ತಾನೇ ಒಂದು ಚಿತ್ರ ಬರೆದುಕೊಂಡಿರುತ್ತಾನೆ: ನಾನು ಇಂಥವನು, ಇಂಥವರ ಮಗ, ಇದು ಬರುತ್ತೆ, ಇದು ಬರಲ್ಲ. ಆ ಚಿತ್ರಕ್ಕೆ ಅವನೇ ಒಂದು ಬೆಲೆಯನ್ನೂ ಕಟ್ಟಿರುತ್ತಾನೆ. ಆ ಬೆಲೆಗೆ ಆತ್ಮಗೌರವ ಅಂತ ಹೆಸರು. ಬೆಲೆ ಕುಸಿದರೆ ಮನಸ್ಸು ಕುಸಿಯುತ್ತದೆ. ಇದು ಬರಿಯ ಮಾತಲ್ಲ. ವರ್ಷಗಟ್ಟಲೆ ಅದೇ ಜನರ ಬೆನ್ನುಹತ್ತಿ ಮಾಡಿದ 77 ಅಧ್ಯಯನಗಳನ್ನು 2013ರಲ್ಲಿ ಸೋವಿಸ್ಲೋ ಮತ್ತು ಓರ್ಥ್ ಎಂಬಿಬ್ಬರು ಒಟ್ಟಿಗಿಟ್ಟು ನೋಡಿದ್ದಾರೆ. ಖಿನ್ನತೆ ಬಂದದ್ದರಿಂದ ಆತ್ಮಗೌರವ ಇಳಿಯುವುದಕ್ಕಿಂತ, ಆತ್ಮಗೌರವ ಇಳಿದದ್ದರಿಂದ ಮುಂದೆ ಖಿನ್ನತೆ ಬರುವುದೇ ಹೆಚ್ಚು ಎಂದು ಅವರಿಗೆ ಕಂಡಿದೆ. ನಿದ್ದೆ ಬಾರದ ಹುಡುಗ, ಊಟದ ತಟ್ಟೆ ಮುಂದೆ ಸುಮ್ಮನೆ ಕೂರುವ ಹುಡುಗಿ, ಇವರು ನಾಟಕ ಆಡುತ್ತಿಲ್ಲ. ನಮ್ಮವರು ಏನಂತಾರೆ? ಖಿನ್ನತೆ ಗಿನ್ನತೆ ಎಲ್ಲ ಹೊಟ್ಟೆ ತುಂಬಿದವರ ಕಾಯಿಲೆ, ಮಧ್ಯಮವರ್ಗದ ಶೋಕಿ, ನಾಲ್ಕು ದಿನ ಜಾಥಾಕ್ಕೆ ಬಾ, ಸರಿಹೋಗ್ತೀಯ. ಇದೂ ಕನ್ನಡಿ ಮುಂದೆ ಹೇಳಿಕೋ ಎನ್ನುವ ಪುಸ್ತಕದ ಮಾತೇ, ಬಣ್ಣ ಮಾತ್ರ ಬೇರೆ.

ಈ ಅಸಡ್ಡೆಗೆ ಒಂದು ಸಾಹಿತ್ಯಕ ಚರಿತ್ರೆಯಿದೆ. ನವ್ಯರ ಅನಾಥಪ್ರಜ್ಞೆ, ಪರಕೀಯತೆ, ಒಂಟಿತನಗಳನ್ನು ಕೇಳಿ ಕೇಳಿ ನಮ್ಮ ಹಿರಿಯರಿಗೆ ರೋಸಿಹೋಗಿತ್ತು. ಹೊರಗೆ ಮನುಷ್ಯನನ್ನು ಕಟ್ಟಿ ಹೊಡೆಯುತ್ತಿದ್ದಾಗ ಇವರು ಒಳಗೆ ಕೂತು ತಮ್ಮ ಮನಸ್ಸಿನ ಕೋಣೆಗಳನ್ನು ಗುಡಿಸುತ್ತಿದ್ದರು ಎಂಬ ಸಿಟ್ಟು ನ್ಯಾಯವಾದದ್ದೇ. ಯಶವಂತ ಚಿತ್ತಾಲರ ‘ಶಿಕಾರಿ’ ಪ್ರಕಟವಾದದ್ದು 1979ರಲ್ಲಿ, ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದೂ ಅದೇ 1979ರಲ್ಲಿ. ಒಂದು ಕಡೆ ಬೊಂಬಾಯಿಯ ಕಂಪನಿಯೊಂದರ ಅಧಿಕಾರಿ ತನ್ನನ್ನು ಯಾರೋ ಬೇಟೆಯಾಡುತ್ತಿದ್ದಾರೆಂದು ಬೆವರುತ್ತಾನೆ, ಇನ್ನೊಂದು ಕಡೆ ನಿಜವಾಗಿ ಬೇಟೆಗೆ ಸಿಕ್ಕವರು ಬೀದಿಗೆ ಇಳಿಯುತ್ತಾರೆ. ನಾವು ಬೀದಿಯನ್ನು ಆರಿಸಿಕೊಂಡೆವು, ಸರಿಯೇ. ಆದರೆ ಆ ಭರದಲ್ಲಿ ಮನಸ್ಸನ್ನು ನವ್ಯರಿಗೇ ಬರೆದುಕೊಟ್ಟು ಬಂದೆವು, ಬೇಡದ ಜಮೀನನ್ನು ಬಿಟ್ಟುಕೊಟ್ಟ ಹಾಗೆ. ‘ಶಿಕಾರಿ’ಯ ನಾಗಪ್ಪನ ಭಯ ಏನೆಂದು ಅರಿಯಲು ಕನ್ನಡದಲ್ಲಿ ಎಷ್ಟೊಂದು ವಿಮರ್ಶೆ ಬಂದಿದೆ. ಹಾಸ್ಟೆಲ್ಲಿನ ಹುಡುಗನ ಭಯದ ಬಗ್ಗೆ ಬಂದದ್ದೆಷ್ಟು?

ನಮ್ಮ ಕೃತಿಗಳನ್ನೇ ಈ ಕಣ್ಣಿನಿಂದ ಓದಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ದೇವನೂರ ಮಹಾದೇವರ ‘ಒಡಲಾಳ’ವನ್ನು ಬಡತನದ ಚಿತ್ರ, ಹಸಿವಿನ ಚಿತ್ರ ಅಂತ ಪಾಠ ಹೇಳುತ್ತಾರೆ. ಮೇಷ್ಟ್ರುಗಳೇ, ಇನ್ನೊಂದು ಸಲ ಓದಿ. ಕಳೆದುಹೋದ ಹುಂಜಕ್ಕಾಗಿ ಕೇರಿಯನ್ನೇ ಎಬ್ಬಿಸುವ ಸಾಕವ್ವನಲ್ಲಿ ಕೀಳರಿಮೆ ಎಲ್ಲಿದೆ ತೋರಿಸಿ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಅಂತ ಒಂದು ಹಿಂಡು ಸಂಸಾರವನ್ನು ಬೈದು, ಗದರಿ, ಮುದ್ದಿಸಿ ಆಳುವ ಆಕೆಗೆ ತಾನು ಯಾರು ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಕದ್ದು ತಂದ ಕಡಲೆಕಾಯನ್ನು ರಾತ್ರಿಯಲ್ಲಿ ಸುತ್ತ ಕೂತು ತಿನ್ನುವ ಆ ಮನೆಯವರ ಸಂಭ್ರಮ ಯಾವ ಅರಮನೆಯ ಔತಣಕ್ಕೆ ಕಡಿಮೆ? ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಬರೆಯುವುದಕ್ಕೆ ಆಕೆ ಯಾರ ಅಪ್ಪಣೆ ಕೇಳಿದಳು? ತನ್ನ ಕೈಯಲ್ಲಿ ನವಿಲಿದೆ ಎಂಬುದು ಆಕೆಗೆ ಗೊತ್ತು. ಪೊಲೀಸರು ಆ ಮನೆಯೊಳಕ್ಕೆ ಬಂದಾಗಲೇ ಅವರೆಲ್ಲ ಕಳ್ಳರು, ಹೊಲೆಯರು, ಕೀಳುಜನ ಆಗುವುದು. ಅಲ್ಲಿಯವರೆಗೆ ಅವರು ಮನುಷ್ಯರು. ಕೀಳು ಎಂಬ ಅರಿವನ್ನು ಹೊತ್ತು ತಂದವರು ಹೊರಗಿನಿಂದ ಬಂದರು, ಬೂಟು ಹಾಕಿಕೊಂಡು ಬಂದರು.

ಇದು ಕೇರಿಯ ಮೇಲಿನ ನಮ್ಮ ಅಭಿಮಾನದ ಮಾತೆಂದು ತಳ್ಳಿಹಾಕುವವರಿಗೆ ಅಮೆರಿಕದ ಕರಿಯರ ನಡುವೆ ನಡೆದ ಕೆಲಸವನ್ನು ತೋರಿಸಬೇಕು. ಅಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಎಂಬ ಗಂಡಹೆಂಡತಿ, ಇಬ್ಬರೂ ಕರಿಯರೇ, ಪುಟ್ಟ ಮಕ್ಕಳ ಮುಂದೆ ಕರಿ ಬೊಂಬೆ ಬಿಳಿ ಬೊಂಬೆ ಇಟ್ಟು ಯಾವುದು ಚಂದ ಎಂದು ಕೇಳಿದರು. ಹೆಚ್ಚಿನ ಕರಿಯ ಮಕ್ಕಳು ಬಿಳಿಯದನ್ನು ತೋರಿಸಿದವು. ಶಾಲೆಗಳಲ್ಲಿ ಕರಿಯರನ್ನು ಬೇರ್ಪಡಿಸುವುದು ತಪ್ಪೆಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಡುವಾಗ ಈ ಬೊಂಬೆಗಳೂ ಸಾಕ್ಷಿ ಹೇಳಿದ್ದವು. ಅಲ್ಲಿಂದ ಎಲ್ಲರೂ ನಂಬಿದ್ದು, ತುಳಿತಕ್ಕೊಳಗಾದವನಿಗೆ ಆತ್ಮಗೌರವ ಕಡಿಮೆ ಇದ್ದೇ ಇರುತ್ತದೆ ಅಂತ. ಆದರೆ 1965ರಲ್ಲಿ 10 ಹೇಳಿಕೆಗಳ ಅಳತೆಗೋಲೊಂದನ್ನು ಲೋಕಕ್ಕೆ ಕೊಟ್ಟ ಮಾರಿಸ್ ರೋಸೆನ್‌ಬರ್ಗ್, ತಮ್ಮ ಜೊತೆಗಾರ್ತಿ ರಾಬರ್ಟಾ ಸಿಮನ್ಸ್ ಜೊತೆ ಬಾಲ್ಟಿಮೋರ್ ಶಹರದ ಶಾಲಾ ಮಕ್ಕಳನ್ನು ಕೇಳಿ 1972ರಲ್ಲಿ ಪ್ರಕಟಿಸಿದ್ದು ಬೇರೆ ಸಂಗತಿ: ಕರಿಯ ಮಕ್ಕಳ ಆತ್ಮಗೌರವ ಬಿಳಿಯ ಮಕ್ಕಳಿಗಿಂತ ಕಡಿಮೆ ಇರಲಿಲ್ಲ. ಕಾರಣ ಸರಳ. ಮಗು ತನ್ನ ಬೆಲೆಯನ್ನು ಅವ್ವನ ಕಣ್ಣಲ್ಲಿ, ಬೀದಿಯ ಗೆಳೆಯರ ಕಣ್ಣಲ್ಲಿ ಓದಿಕೊಳ್ಳುತ್ತದೆ, ಪಾರ್ಲಿಮೆಂಟಿನಲ್ಲಲ್ಲ. ಅದೇ ಕರಿಯ ಮಗು ಬಿಳಿಯರೇ ತುಂಬಿದ ಶಾಲೆಗೆ ಹೋದಾಗ ಮಾತ್ರ ಬೆಲೆ ಇಳಿದಿತ್ತು.

ಓದುತ್ತ ನಮಗೆ ನಮ್ಮದೇ ಕಥೆ ಎನ್ನಿಸಿತು. ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಮುಗಿಸಿದವರು ನಾವು. ಹಟ್ಟಿಯಲ್ಲಿದ್ದಾಗ ನಾವು ಓದೋ ಹುಡುಗರು. ಮುದುಕಿಯರು ಕಾಗದ ಓದಿಸಿಕೊಳ್ಳಲು ನಮ್ಮನ್ನೇ ಹುಡುಕಿಕೊಂಡು ಬರುತ್ತಿದ್ದರು. ಕಾಲೇಜಿಗೆ ಬಂದ ವಾರಕ್ಕೆ ನಾವು ‘ಎಸ್ಸಿ ಕೋಟಾ’ ಆದೆವು. ನಮ್ಮೊಳಗೆ ಏನೂ ಬದಲಾಗಿರಲಿಲ್ಲ, ಅದೇ ತಲೆ, ಅದೇ ಕೈಬರಹ. ಬದಲಾದದ್ದು ನೋಡುವ ಕಣ್ಣು.

ಆ ಕಣ್ಣು ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಪ್ರಯೋಗ ನಡೆದಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬಿಬ್ಬರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ 321 ಮೇಲ್ಜಾತಿ, 321 ಕೆಳಜಾತಿ ಹುಡುಗರನ್ನು ಸೇರಿಸಿ ಕಾಗದದ ಮೇಲಿನ ದಾರಿ ಹುಡುಕುವ ಒಗಟುಗಳನ್ನು ಬಿಡಿಸಲು ಕೊಟ್ಟರು. ಬಿಡಿಸಿದ್ದಕ್ಕೆ ದುಡ್ಡು. ಜಾತಿ ಯಾರೆಂದು ಯಾರೂ ಎತ್ತದಿದ್ದಾಗ ಎರಡೂ ಗುಂಪು ಸಮಸಮ. ಆಮೇಲೆ ಬೇರೆ ಗುಂಪುಗಳಲ್ಲಿ, ಒಗಟು ಕೊಡುವ ಮೊದಲು, ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ, ಇಷ್ಟನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿದರು. ಅಷ್ಟೇ ಮಾಡಿದ್ದು. ಯಾರನ್ನೂ ಬೈಯಲಿಲ್ಲ, ಹೊರಗೆ ಕೂರಿಸಲಿಲ್ಲ. ಕೆಳಜಾತಿ ಹುಡುಗರು ಬಿಡಿಸಿದ ಒಗಟುಗಳು ದಡಕ್ಕನೆ ಇಳಿದವು, ಮೇಲ್ಜಾತಿಯವರಿಗೂ ಅವರಿಗೂ ನಡುವೆ ದೊಡ್ಡ ಅಂತರ ಬಿತ್ತು. ಸಂಶೋಧಕರು 2004ರಲ್ಲಿ ಇದನ್ನು ಪ್ರಕಟಿಸಿದರು. ಇಲ್ಲಿಗೇ ನಿಲ್ಲಿಸಿದ್ದರೆ, ನೋಡಿ ಪಾಪ, ಜಾತಿ ಹೆಸರು ಕೇಳಿದರೆ ಸಾಕು ಅವರಿಗೆ ಕೀಳರಿಮೆ ಬರುತ್ತೆ ಅಂತ ಪುಸ್ತಕದಂಗಡಿಯವರು ಖುಷಿಪಡುತ್ತಿದ್ದರು. ಆದರೆ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಫಲ ಯಾರಿಗೆ ಸಿಗಬೇಕೆಂಬುದರಲ್ಲಿ ಮನುಷ್ಯರ ಕೈ ಬಿಡಿಸಿ, ಚೀಟಿ ಎತ್ತುವ ಅದೃಷ್ಟವನ್ನು ತಂದಾಗ ಆ ಅಂತರ ಮಾಯವಾಯಿತು. ಅಂದರೆ ಏನು? ಹುಡುಗನಿಗೆ ತನ್ನ ತಲೆಯ ಮೇಲೆ ಅಪನಂಬಿಕೆ ಇರಲಿಲ್ಲ. ಅಳೆಯುವವನ ಮೇಲೆ ಇತ್ತು. ನಾನು ಎಷ್ಟು ಮಾಡಿದರೂ ಇವರು ಕೊಡುವುದು ಇಷ್ಟೇ ಎಂದು ಅವನ ಬೆರಳಿಗೆ ಗೊತ್ತಿತ್ತು. ಹನ್ನೊಂದು ಹನ್ನೆರಡರ ಹುಡುಗ ಈ ಸಮಾಜವನ್ನು ನಮ್ಮ ಸಮಾಜಶಾಸ್ತ್ರಜ್ಞರಿಗಿಂತ ಚೆನ್ನಾಗಿ ಓದಿದ್ದ. ಇದಕ್ಕೆ ಕಾಯಿಲೆ ಅಂತ ಹೆಸರಿಡುವುದು ಯಾವ ನ್ಯಾಯ?

ಕೊಲಂಬಿಯಾದಲ್ಲಿ ಓದಿ, ಲಂಡನ್ನಿನಲ್ಲಿಯೂ ಓದು ಹಿಡಿದು, ಬರೋಡಾ ಸಂಸ್ಥಾನದ ನೌಕರಿಗೆ ಬಂದ ಅಂಬೇಡ್ಕರರಿಗೆ ಆ ಊರಲ್ಲಿ ಇಳಿದುಕೊಳ್ಳಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದವರು ಹೊರಡಿಸಿದರು. ಅವರು ಕಾಮಾಟಿ ಬಾಗಿನಲ್ಲಿ ಹೋಗಿ ಕೂತರು. ಆ ತೋಟದಲ್ಲಿ ಕೂತ ಮನುಷ್ಯನಿಗೆ ಕೊರತೆಯಿದ್ದದ್ದು ಆತ್ಮವಿಶ್ವಾಸದ್ದೇ? ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲ್ಲಿನಿಂದ ಹೊರಹಾಕಿದ 5 ಮಂದಿ ದಲಿತ ಸಂಶೋಧಕರಲ್ಲಿ ರೋಹಿತ್ ವೇಮುಲ ಒಬ್ಬ. ಕ್ಯಾಂಪಸ್ಸಿನ ಬಯಲಲ್ಲಿ ಅವರು ಟೆಂಟು ಹಾಕಿ ಅದಕ್ಕೆ ‘ವೆಲಿವಾಡ’ ಅಂದರು, ತೆಲುಗಿನಲ್ಲಿ ಹೊಲಗೇರಿ ಎಂದರ್ಥ. 2016ರ ಜನವರಿ 17ರಂದು ರೋಹಿತ್ ಇಲ್ಲವಾದ. ನಕ್ಷತ್ರಗಳ ಮೇಲೆ, ವಿಜ್ಞಾನದ ಮೇಲೆ ಆಸೆಯಿಟ್ಟಿದ್ದ ಹುಡುಗ. ಆಮೇಲೆ ದೇಶದ ಕಾಲೇಜುಗಳಲ್ಲಿ ಏನಾಯಿತು? ಆಪ್ತಸಲಹೆಗಾರರನ್ನು ನೇಮಿಸಬೇಕು ಎಂಬ ಮಾತು ಬಂತು. ನೇಮಿಸಲಿ, ಬೇಡವೆನ್ನುವುದಿಲ್ಲ. ಆದರೆ ಹೊರಹಾಕಿದವರ ತಲೆಯನ್ನು ಪರೀಕ್ಷಿಸಬೇಕೆಂದು ಯಾರೂ ಅನ್ನಲಿಲ್ಲ.

ಹಾಗಾದರೆ ಈ ಕಣ್ಣಿನ ಎದುರು ನಮ್ಮ ಬರಹಗಾರರು ಹೇಗೆ ಬದುಕಿಕೊಂಡರು? ಇದನ್ನು ನಮ್ಮ ವಿಮರ್ಶೆ ಕೇಳಬೇಕಿತ್ತು. ಎರಡು ಪುಸ್ತಕದ ಹೆಸರನ್ನೇ ನೋಡಿ. ಸಿದ್ಧಲಿಂಗಯ್ಯನವರ 1975ರ ‘ಹೊಲೆಮಾದಿಗರ ಹಾಡು’. ಅರವಿಂದ ಮಾಲಗತ್ತಿಯವರ 1994ರ ‘ಗೌರ್ಮೆಂಟ್ ಬ್ರಾಹ್ಮಣ’. ಮೊದಲನೆಯದು ಸಾವಿರ ವರ್ಷದ ಬೈಗುಳ, ಎರಡನೆಯದು ಮೀಸಲಾತಿಯಲ್ಲಿ ಓದಲು ಬಂದವರನ್ನು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಆಡಿಕೊಂಡ ಮಾತು. ಕಿವಿಗೆ ಬಿದ್ದರೆ ಮೈ ಕುಗ್ಗುತ್ತಿದ್ದ ಮಾತನ್ನು ಎತ್ತಿ ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ಹೊಡೆಸಿದರು. ಬೈದವನ ಕೈಯಲ್ಲಿದ್ದ ಕಲ್ಲನ್ನು ಕಿತ್ತುಕೊಂಡು ಮನೆಗೆ ಅಡಿಪಾಯ ಹಾಕಿದ ಹಾಗೆ. ಚಿತ್ರ ಅದೇ, ಬೆಲೆ ಕಟ್ಟುವ ಅಧಿಕಾರ ಕೈ ಬದಲಾಯಿಸಿತು.

ಇನ್ನು ‘ಊರುಕೇರಿ’. ಹೊಲದಲ್ಲಿ ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ, ಅದರಲ್ಲೊಬ್ಬ ತನ್ನಪ್ಪ. ಹುಡುಗ ನೋಡುತ್ತಾನೆ. ಇಂಥದ್ದನ್ನು ಕಂಡ ಮನುಷ್ಯ ತನ್ನ ಜೀವನ ಬರೆಯುವಾಗ ಪುಟಪುಟಕ್ಕೂ ನಗಿಸುತ್ತಾನೆ! ಆ ನಗು ಕಂಡು ನಮ್ಮಲ್ಲೇ ಮುಖ ಸಿಂಡರಿಸಿದವರಿದ್ದಾರೆ, ಇಕ್ರಲಾ ವದೀರ್ಲಾ ಅಂದವನ ಸಿಟ್ಟು ಎಲ್ಲಿಗೆ ಹೋಯಿತು ಅಂತ. ನಮಗೆ ಹಾಗನ್ನಿಸುವುದಿಲ್ಲ. ಅಳುವವನನ್ನು ನೋಡಿ ಮೇಲ್ಜಾತಿಯ ಓದುಗ ಕರುಣೆ ತೋರಿಸಬಹುದು, ಕರುಣೆ ತೋರಿಸಿ ದೊಡ್ಡವನಾಗಬಹುದು. ನಗುವವನ ಮುಂದೆ ಅವನಿಗೆ ಆ ಅವಕಾಶವಿಲ್ಲ. ಕೇರಿಯ ದೆವ್ವಗಳು, ಹುಚ್ಚರು, ಕುಡುಕರು, ಹಾಸ್ಟೆಲ್ಲಿನ ಪುಂಡರು, ಇವರೆಲ್ಲ ಆ ಪುಸ್ತಕದಲ್ಲಿ ಬರೀ ನೊಂದವರಾಗಿ ಸಾಲುಗಟ್ಟಿ ನಿಲ್ಲುವುದಿಲ್ಲ, ಒಬ್ಬೊಬ್ಬರೂ ಒಂದೊಂದು ಥರ. ತನ್ನವರನ್ನು ಹೀಗೆ ಬಿಡಿಬಿಡಿಯಾಗಿ ಕಾಣಬಲ್ಲ ಕಣ್ಣು ಗಾಯವಿಲ್ಲದ ಕಣ್ಣೆಂದಲ್ಲ, ಗಾಯವೊಂದನ್ನೇ ನೋಡುತ್ತ ಕೂರದ ಕಣ್ಣು. ಆ ಸಿಟ್ಟಿನ ಕವಿತೆಗಿಂತ ಈ ನಗು ಚಿಕ್ಕದೆಂದು ನಾವು ಒಪ್ಪುವುದಿಲ್ಲ.

ಆದರೆ ನಾವು, ಈಗ ಬರೆಯುತ್ತಿರುವ ಹುಡುಗರು, ಏನು ಮಾಡುತ್ತಿದ್ದೇವೆ? ನಮ್ಮ ಕವಿತೆಯ ‘ನಾನು’ ಯಾವಾಗಲೂ ಜ್ವಾಲಾಮುಖಿ, ಯಾವಾಗಲೂ ಸಿಂಹ. ಅವನಿಗೆ ನಿದ್ದೆಗೆಡುವುದಿಲ್ಲ, ಇಂಟರ್‌ವ್ಯೂ ಕೋಣೆಯ ಹೊರಗೆ ನಾಲಗೆ ಒಣಗುವುದಿಲ್ಲ. ಸಭೆಯಲ್ಲಿ ಇಂಥ ಕವಿತೆ ಓದಿದರೆ ಚಪ್ಪಾಳೆ ಬೀಳುತ್ತೆ. ಓದಿ ರೂಮಿಗೆ ಹೋದ ಮೇಲೆ ಮಂಚದ ಮೇಲೆ ಕೂರುವವನು ಸಿಂಹವಲ್ಲವಲ್ಲ! ತನ್ನ ಕವಿತೆಯ ‘ನಾನು’ವಿನ ಮುಂದೆಯೇ ಅವನಿಗೆ ಕೀಳರಿಮೆ. ಮೇಲ್ಜಾತಿಯವರ ಕಣ್ಣಿಗೆ ಹೆದರಿದ್ದು ಸಾಲದೆಂದು ನಮ್ಮ ಸಂಗಾತಿಗಳ ಕಣ್ಣಿಗೂ ಹೆದರುವಂತೆ ಮಾಡಿದ್ದೇವೆ. ಯಾಕೋ ಆಗ್ತಿಲ್ಲ ಕಣಣ್ಣ ಅಂತ ಹೇಳಿಕೊಳ್ಳಲು ಜಾಗವಿಲ್ಲದ ಸಂಘಟನೆ ಎಂಥ ಸಂಘಟನೆ? ಇನ್ನು ಹುಡುಗಿಯರ ಪಾಡು. ನಮ್ಮ ಆತ್ಮಕಥೆಗಳ ‘ನಾವು’ ಬಹುಪಾಲು ಗಂಡು ಹಾಸ್ಟೆಲ್ಲಿನ ‘ನಾವು’. ಊರಿನ ಕಣ್ಣು, ಕೇರಿಯ ಗಂಡಸರ ಕಣ್ಣು, ಎರಡನ್ನೂ ದಾಟಿ ಬಂದವಳ ಮನಸ್ಸಿನ ಲೆಕ್ಕ ನಮ್ಮ ಲೆಕ್ಕದಲ್ಲಿ ಸೇರಿಲ್ಲ. ಕೇರಿಯನ್ನು ಮೇಲೆ ಹೊಗಳಿದ್ದೇವೆಂದು ಅದು ಸ್ವರ್ಗವಲ್ಲ. ಅಲ್ಲಿ ಹೆಂಡ ಇದೆ, ಹೆಂಡತಿಯನ್ನು ಹೊಡೆಯುವವರಿದ್ದಾರೆ, ಹೊಲೆಯ ಮಾದಿಗನ ಮನೆಯಲ್ಲಿ ನೀರು ಕುಡಿಯದಿರುವ ಮೇಲರಿಮೆಯೂ ಇದೆ.

ಆತ್ಮಗೌರವ ತಲೆಯೊಳಗೆ ಒಂಟಿಯಾಗಿ ಬೆಳೆಯುವುದಿಲ್ಲವೆಂದು ಬಾಬಾಸಾಹೇಬರು ಬಲ್ಲರು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟ ಆ ಸಂದರ್ಭದಲ್ಲೇ ಅವರು ಹೆಂಗಸರನ್ನು ಕೂಡಿಸಿ ಸೀರೆ ಉಡುವ ರೀತಿಯ ಬಗ್ಗೆ ಮಾತಾಡಿದರು. ನೋಡಿದ ಕೂಡಲೇ ಜಾತಿ ಹೇಳುವ ಹಾಗೆ ಮೇಲೆತ್ತಿ ಕಟ್ಟುವುದು ಬೇಡ, ಆ ಭಾರದ ಒಡವೆಗಳೂ ಬೇಡ ಎಂದರು. ಹೆಂಗಸರು ಒಟ್ಟಾಗಿ ಉಡುವ ರೀತಿ ಬದಲಿಸಿದರು. ಒಬ್ಬಳೇ ಬದಲಿಸಿದ್ದರೆ ಊರು ಸೀಳಿಹಾಕುತ್ತಿತ್ತು. ಕನ್ನಡಿ ಮುಂದೆ ಒಬ್ಬಳೇ ನಿಲ್ಲುವುದಕ್ಕೂ ಇದಕ್ಕೂ ಇರುವ ದೂರ ನೋಡಿ. ನಮ್ಮಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಬಿ. ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದಾಗ ಊರೂರಲ್ಲಿ ಕಲ್ಲು ಬಿದ್ದವು, ದಲಿತ ಹುಡುಗರು ಏಟು ತಿಂದರು, ಬಸವಲಿಂಗಪ್ಪ ಮಂತ್ರಿಗಿರಿ ಬಿಟ್ಟರು. ಒಂದೇ ಒಂದು ಪದಕ್ಕೆ ಒಡೆದುಹೋದ ಆ ಆತ್ಮಗೌರವ ಯಾರದ್ದು? ಏಟು ತಿಂದ ಹುಡುಗರು ಮಾತ್ರ ಆ ಕಿಚ್ಚಿನಿಂದಲೇ ಸಂಘಟನೆ ಕಟ್ಟಲು ಹೊರಟರು.

ಹಳ್ಳಿ ಶಾಲೆಯ ಮೇಷ್ಟ್ರಿಗೆ, ಮೇಡಮ್ಮಿಗೆ ಎರಡು ಮಾತು. ಸ್ಕಾಲರ್‌ಷಿಪ್ ಅರ್ಜಿ ಬಂದಾಗ “ಎಸ್ಸಿ ಎಸ್ಟಿ ಹುಡುಗ್ರೆಲ್ಲ ಎದ್ದು ನಿಂತ್ಕಳ್ರೋ” ಅಂತ ಕೂಗುತ್ತೀರಲ್ಲ, ಆ ಉತ್ತರ ಪ್ರದೇಶದ ಹುಡುಗರ ಮುಂದೆ ಗಟ್ಟಿಯಾಗಿ ಓದಿದ್ದೂ ಅದೇ. ಅಟೆಂಡೆನ್ಸ್ ಪುಸ್ತಕದಲ್ಲಿ ಜಾತಿ ಇದೆ, ಸಂಜೆ ಒಬ್ಬೊಬ್ಬರನ್ನೇ ಕರೆದು ಅರ್ಜಿ ಕೊಟ್ಟರೆ ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ. ಮತ್ತೆ, ಮಗು ವಾರಗಟ್ಟಲೆ ಮಂಕಾಗಿದ್ದರೆ ದೆವ್ವ ಅಂತಲೋ ಸೋಮಾರಿ ಅಂತಲೋ ಅನ್ನಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಇಡೀ ದೇಶದಲ್ಲಿ ನಡೆಯುತ್ತಿರುವುದನ್ನು ಮೊದಲು ಪ್ರಯೋಗ ಮಾಡಿ ನೋಡಿದ್ದು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ, ನಿಮ್ಹಾನ್ಸ್‌ನವರ ಕೈಯಿಂದ. ಮನಸ್ಸಿನ ಡಾಕ್ಟರು ಬೆಂಗಳೂರಿನ ಸಾಹುಕಾರರಿಗೆ ಮಾತ್ರವಲ್ಲ, ಜಿಲ್ಲಾಸ್ಪತ್ರೆಯಲ್ಲಿ ಕೇಳಿ. 2022ರ ಅಕ್ಟೋಬರಿನಿಂದ 14416 ಎಂಬ ನಂಬರಿದೆ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಗುಳಿಗೆ ಬೇಕಾದವರು ಗುಳಿಗೆ ನುಂಗಲಿ, ನಾಚಿಕೆ ಬೇಡ. ಗುಳಿಗೆ ನುಂಗಿದ ಮಾತ್ರಕ್ಕೆ ಊರ ಕಣ್ಣು ಬದಲಾಗುವುದಿಲ್ಲ, ಊರ ಕಣ್ಣು ಬದಲಾಗುವ ತನಕ ನಿದ್ದೆಗೆಟ್ಟಿರಬೇಕೆಂದೂ ಇಲ್ಲ.

ಹಾಸ್ಟೆಲ್ಲುಗಳಲ್ಲಿರುವ ಗೆಳೆಯರು, ಗೆಳತಿಯರು ಸಿಂಹದ ಕವಿತೆಗಳನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಹೆಸರು ಹಾಕುವುದು ಬೇಡವೆಂದರೆ ಹಾಕುವುದಿಲ್ಲ. ಮೊದಲ ವರ್ಷ, ಮೊದಲ ತಿಂಗಳು ಏನಾಯಿತು ಎಂಬುದನ್ನು ನಿಮ್ಮ ಹಟ್ಟಿಯ ಮಾತಿನಲ್ಲಿಯೇ ಎರಡು ಪುಟ ಬರೆದು ನಮಗೆ ಕಳಿಸಿ.